ಊಟ, ರೂಮು ನಮ್ಮದು. ದಿನಕ್ಕೆ ನಾಲ್ಕು ಗಂಟೆ ನಿಮ್ಮದು

ನಮ್ಮ ಗೆಸ್ಟ್‌ಹೌಸ್ ಇರುವುದು ಮೈಸೂರಿನ ವೊಂಟಿಕೊಪ್ಪಲಿನಲ್ಲಿ. ಗೆಸ್ಟ್‌ಹೌಸ್ ಅಂದರೆ ದೊಡ್ಡದೇನಲ್ಲ, ಮಾವನವರು ಕಟ್ಟಿಸಿದ ಮನೆಯ ಮಹಡಿ ಮೇಲಿನ ನಾಲ್ಕು ರೂಮು. ಕೆಳಗೆ ನಾನು, ಅತ್ತೆ. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಗುಡಿಸುವುದು, ಒರೆಸುವುದು, ಬೆಡ್‌ಶೀಟು, ಬಾತ್‌ರೂಮು ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬಹಳ ವರ್ಷದಿಂದ ಬರುತ್ತಾರೆ. ಮನೆಯಲ್ಲಿ ಎಲ್ಲರೂ ಅವರನ್ನು ಅಕ್ಕಯ್ಯ ಅಂತಲೇ ಕರೆಯುವುದು.

ಹಾಗಾಗಿ ಕ್ಲೀನಿಂಗ್‌ಗೆ ನಮಗೆ ಯಾವತ್ತೂ ತೊಂದರೆ ಆಗಿಲ್ಲ. ಕೈ ಸಾಲದೆ ಹೋಗುತ್ತಿದ್ದುದು ಬೇರೆ ಕಡೆ. ಬೆಳಗಿನ ರೈಲಿಗೆ ಇಳಿದವರು ಆರೂವರೆಗೆ ಗೇಟು ತಟ್ಟುತ್ತಾರೆ. ಅದೇ ಹೊತ್ತಿಗೆ ನಾನು ಹಾಲು ಕಾಯಿಸುತ್ತಿರುತ್ತೇನೆ, ಅತ್ತೆ ಸ್ನಾನಕ್ಕೆ ಹೋಗಿರುತ್ತಾರೆ. ಮೇಲಿನಿಂದ ಇನ್ನೊಬ್ಬರು ಇಳಿದು ಬಂದು ಝೂ ಇವತ್ತು ತೆಗೆದಿರುತ್ತಾ, ಅರಮನೆ ದೀಪ ಯಾವತ್ತು, ಬೆಟ್ಟಕ್ಕೆ ಬಸ್ ಎಲ್ಲಿಂದ ಅಂತ ಕೇಳುತ್ತಾರೆ. ಝೂಗೆ ಮಂಗಳವಾರ ರಜ, ದೀಪ ಭಾನುವಾರ ಸಂಜೆ ಏಳಕ್ಕೆ, ಬಸ್ಸು ಸಿಟಿ ಬಸ್ ಸ್ಟ್ಯಾಂಡಿನಿಂದ. ಹೇಳುವುದು ಕಷ್ಟವಲ್ಲ. ಆದರೆ ಒಗ್ಗರಣೆ ಸೀಯುತ್ತಿರುವಾಗ ನಗುನಗುತ್ತಾ ಹೇಳುವುದು ಕಷ್ಟ.

ಸಂಬಳ ಕೊಟ್ಟು ಒಬ್ಬರನ್ನು ಇಡುವಷ್ಟು ಕೆಲಸವೂ ಇರಲಿಲ್ಲ, ಆದಾಯವೂ ಇರಲಿಲ್ಲ. ಹಿತ್ತಲಲ್ಲಿ ಒಂದು ಔಟ್‌ಹೌಸ್ ಮಾತ್ರ ಖಾಲಿ ಬಿದ್ದಿತ್ತು. ಹಿಂದೆ ಸೌದೆ ಒಟ್ಟುತ್ತಿದ್ದ ಜಾಗ. ಸುಣ್ಣ ಬಳಿಸಿ, ಬಾತ್‌ರೂಮು ಮಾಡಿಸಿದ್ದೆವು. ಕಿಟಕಿ ತೆಗೆದರೆ ಪಕ್ಕದ ಮನೆಯ ಕಾಂಪೌಂಡು ಕಾಣುತ್ತದೆ. ಅದಕ್ಕೆ ಬಾಡಿಗೆ ಕೇಳಲು ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮಲ್ಲಿ ಉಳಿದಿದ್ದ ಒಬ್ಬ ಹುಡುಗ ಅದನ್ನು ನೋಡಿ, "ಮೇಡಂ, ಇಲ್ಲಿ ವಾಲಂಟಿಯರ್ ಇಟ್ಕೊಳ್ಳಬಹುದಲ್ವಾ?" ಅಂದ. ಅವನು ಹೀಗೇ ಊರೂರು ಸುತ್ತಿದವನು. ಪ್ರವಾಸಿಗರು ಉಳಿಯುವ ಹಾಸ್ಟೆಲ್‌ಗಳಲ್ಲಿ ದಿನಕ್ಕೆ ಕೆಲವು ಗಂಟೆ ಕೆಲಸ ಮಾಡಿ, ಊಟ ವಸತಿ ಪಡೆದು, ಉಳಿದ ಹೊತ್ತು ಊರು ನೋಡುತ್ತಿದ್ದನಂತೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಕೇಳಿದರು, "ಅಲ್ಲ ಕಣೇ, ಬರೀ ಊಟ ಹಾಕಿ ದುಡಿಸ್ಕೊಳ್ಳೋದು ಅಂದ್ರೆ ಜೀತ ಅಲ್ವೇನೇ ಅದು?" ಆಮೇಲೆ ಸ್ವಲ್ಪ ಯೋಚಿಸಿ, "ಇಲ್ಲಾ, ವಾರಾನ್ನದ ಹುಡುಗರ ಥರಾನಾ?" ಅಂದರು. ಅವರ ತವರುಮನೆಯಲ್ಲಿ ವಾರಾನ್ನಕ್ಕೆ ಹುಡುಗರು ಬರುತ್ತಿದ್ದರು. ಮೈಸೂರಿಗೆ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಅಂತ ಊಟ ಮಾಡಿಕೊಂಡು ಕಾಲೇಜು ಮುಗಿಸಿದ ಕಾಲ ಅದು. ಅವರಲ್ಲಿ ಕೆಲವರು ಬಾವಿಯಿಂದ ನೀರು ಸೇದಿಕೊಡುತ್ತಿದ್ದರು, ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಆದರೆ ಅದು ಊಟದ ಷರತ್ತಾಗಿರಲಿಲ್ಲ ಅಂತ ಅತ್ತೆ ಒತ್ತಿ ಹೇಳಿದರು. "ನೀರು ಸೇದದೇ ಇದ್ರೂ ನಮ್ಮಮ್ಮ ಬಡಿಸ್ತಿದ್ರು."

ಜೀತವೋ ವಾರಾನ್ನವೋ ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ ನಾನು ಮುಂದೆ ಹೋಗುವ ಹಾಗಿರಲಿಲ್ಲ. ಅಷ್ಟರಲ್ಲಿ ಅಕ್ಕಯ್ಯನಿಗೂ ಸುದ್ದಿ ಮುಟ್ಟಿತ್ತು. ಮಾರನೇ ದಿನ ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೇ ಕೇಳಿದರು. "ದುಡ್ಡಿಲ್ದೆ ಮಾಡೋರು ಬತ್ತಾರಂತಲ್ಲಮ್ಮ. ಹಂಗಾರೆ ನಾನು ಬರೋದು ಬ್ಯಾಡ್ವಾ?"

ಆ ಮಾತಿನಿಂದಲೇ ನಮ್ಮ ಮೊದಲ ನಿಯಮ ಹುಟ್ಟಿತು. ಅಕ್ಕಯ್ಯ ಸಂಬಳಕ್ಕೆ ಮಾಡುವ ಯಾವ ಕೆಲಸವನ್ನೂ ವಾಲಂಟಿಯರ್‌ಗಳಿಗೆ ಕೊಡುವುದಿಲ್ಲ. ಬಾತ್‌ರೂಮು ಇಲ್ಲ, ಬೆಡ್‌ಶೀಟು ಇಲ್ಲ, ನೆಲ ಒರೆಸುವುದು ಇಲ್ಲ. ಅವರು ರಜ ಹಾಕಿದ ದಿನ ನಾನೇ ಮಾಡುತ್ತೇನೆ. ಕೇಳಲು ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಿಟ್ಟಿ ಕೈ ಸಿಗುತ್ತದೆ ಅಂತ ಗೊತ್ತಾದ ಮೇಲೆ, ಸಂಬಳದ ಕೆಲಸ ಒಂದೊಂದಾಗಿ ಆ ಕೈಗೆ ಜಾರುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಪರಿಚಯದ ಒಂದು ಹಾಸ್ಟೆಲ್‌ನಲ್ಲಿ ಹೀಗೇ ಆಗಿ, ಕೊನೆಗೆ ಸಂಬಳಕ್ಕಿದ್ದ ಇಬ್ಬರನ್ನೂ ಕಳಿಸಿಬಿಟ್ಟರು. ಬಂದ ಹುಡುಗರು ದಿನಕ್ಕೆ ಎಂಟು ಗಂಟೆ ದುಡಿದು, ಬಂಕ್ ಬೆಡ್‌ನಲ್ಲಿ ಮಲಗುತ್ತಿದ್ದರು. ಅದಕ್ಕೆ ಅತ್ತೆ ಇಟ್ಟ ಹೆಸರೇ ಸರಿ.

ಎಷ್ಟು ಗಂಟೆ ಕೆಲಸ ಅನ್ನುವುದಕ್ಕೆ ಹೊರಗೆ ಒಂದು ಅಂದಾಜು ಇದೆ. ಈ ಪದ್ಧತಿ ಹೊಸದೇನಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ, ವಾರದ ಕೊನೆಗೆ ಪೇಟೆಯವರು ಸಾವಯವ ತೋಟಗಳಿಗೆ ಹೋಗಿ ಕೈ ಜೋಡಿಸಲಿ ಅಂತ ಶುರುವಾದದ್ದು ವೂಫ್ ಅನ್ನುವ ಸಂಸ್ಥೆ. ಆಮೇಲೆ ಬಂದ ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ಅನ್ನುವ ವೆಬ್‌ಸೈಟುಗಳು ತೋಟದ ಜೊತೆಗೆ ಹಾಸ್ಟೆಲ್, ಗೆಸ್ಟ್‌ಹೌಸ್‌ಗಳನ್ನೂ ಸೇರಿಸಿಕೊಂಡವು. ವರ್ಕ್‌ಅವೇ ಹೇಳುವುದು ದಿನಕ್ಕೆ ಹೆಚ್ಚೆಂದರೆ 5 ಗಂಟೆ, ವಾರಕ್ಕೆ 5 ದಿನ. ಅಂದರೆ 25 ಗಂಟೆ. ನಮ್ಮ ಔಟ್‌ಹೌಸ್‌ಗೆ ಅಷ್ಟು ಬೆಲೆ ಇಲ್ಲ ಅನ್ನಿಸಿತು. ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ ಅಂತ ಇಟ್ಟೆವು. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ಒಂದು ಗಂಟೆ. ನಡುವಿನ ಹೊತ್ತು ಪೂರ್ತಿ ಅವರದ್ದು. ಕರೆಯುವ ಹಾಗಿಲ್ಲ, "ಸುಮ್ನೆ ಒಂದ್ನಿಮಿಷ ಬಾಪ್ಪಾ" ಅನ್ನುವ ಹಾಗೂ ಇಲ್ಲ. ಈ ಎರಡನೆಯದನ್ನು ಅತ್ತೆಗೆ ಒಪ್ಪಿಸುವುದೇ ಕಷ್ಟವಾಯಿತು.

ವಿದೇಶಿಯರ ವಿಷಯಕ್ಕೆ ಬರೋಣ. ಗೋಕುಲಂ ನಮಗೆ ಕೂಗಳತೆ ದೂರ. ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರು ಮಾಡಿದ ಅಷ್ಟಾಂಗ ಯೋಗ ಶಾಲೆ 2002ರಲ್ಲಿ ಗೋಕುಲಂಗೆ ಬಂದ ಮೇಲೆ, ಈ ಬೀದಿಗಳಲ್ಲಿ ಚಾಪೆ ಸುತ್ತಿಕೊಂಡು ಹೋಗುವ ವಿದೇಶಿಯರನ್ನು ಕಾಣದ ಬೆಳಗು ಅಪರೂಪ. ಹಾಗಾಗಿ ಸುದ್ದಿ ಹೊರಬಿದ್ದ ಕೂಡಲೇ ಮೊದಲು ಕೇಳಿದವರು ಅವರೇ. ಜರ್ಮನಿಯ ಒಬ್ಬ ಹುಡುಗಿ ಬಹಳ ಚೆನ್ನಾಗಿ ಬರೆದಿದ್ದಳು. ಯೋಗ ತರಗತಿ ಮುಗಿಸಿ ಬಂದು ತಿಂಡಿ ಬಡಿಸುತ್ತೇನೆ, ತೋಟ ನೋಡಿಕೊಳ್ಳುತ್ತೇನೆ ಅಂತ.

ನನಗೆ ಆಸೆ ಆಯಿತು, ಸುಳ್ಳೇಕೆ. ಆದರೆ ವೀಸಾ ನಿಯಮ ಓದಿ ನೋಡಿದೆ. ಇ-ಟೂರಿಸ್ಟ್ ವೀಸಾದಲ್ಲಿ ಬಂದವರು ಸಣ್ಣ ಅವಧಿಯ ಯೋಗ ತರಬೇತಿ ಪಡೆಯಬಹುದು. ಸ್ವಯಂಸೇವೆಯನ್ನೂ ಮಾಡಬಹುದು, ಹೆಚ್ಚೆಂದರೆ ಒಂದು ತಿಂಗಳು. ಆದರೆ ಅದಕ್ಕೆ ಹಣವಾಗಲಿ, ಬೇರೆ ಯಾವುದೇ ಥರದ ಪ್ರತಿಫಲವಾಗಲಿ ಇರಕೂಡದು. ನಾವು ಕೊಡುವ ರೂಮು, ಊಟ ಪ್ರತಿಫಲ ಅಲ್ಲದೆ ಮತ್ತೇನು? ಇಲ್ಲ, ಅದು ಆತಿಥ್ಯ ಅಂತ ವಾದ ಮಾಡುವವರಿದ್ದಾರೆ. ಮಾಡಲಿ. ಆದರೆ ನಾಳೆ ಅಧಿಕಾರಿಗಳ ಮುಂದೆ ನಿಂತು ಆ ವಾದ ಮಾಡಬೇಕಾಗುವುದು ಆ ಹುಡುಗಿಯೇ, ಅವಳ ವೀಸಾದ ಮೇಲೆ. ಅದೂ ಅಲ್ಲದೆ ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ನಾವು ಆನ್‌ಲೈನ್‌ನಲ್ಲಿ ತುಂಬಲೇಬೇಕು. ಅಲ್ಲಿ ಅತಿಥಿ ಅಂತ ಬರೆದು, ಇಲ್ಲಿ ತಟ್ಟೆ ಎತ್ತಿಸುವುದು ನನಗೆ ಸರಿ ಕಾಣಲಿಲ್ಲ. ಅವಳಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವಳು ದುಡ್ಡು ಕೊಟ್ಟೇ ಒಂದು ವಾರ ಉಳಿದು ಹೋದಳು. ನಮ್ಮ ದೇಶದವರಷ್ಟೇ ಸಾಕು ಅಂತ ಅಲ್ಲಿಗೆ ತೀರ್ಮಾನವಾಯಿತು.

ಇನ್ನು ಜಾಹೀರಾತು. ಬೇರೆಯವರು ಹಾಕಿದ್ದನ್ನು ಓದಿದೆ. ಎಲ್ಲದರಲ್ಲೂ ಸೂರ್ಯಾಸ್ತ, ಕಾಫಿ, "ನಮ್ಮ ಕುಟುಂಬದ ಭಾಗವಾಗಿ". ಕೆಲಸ ಏನು ಅಂತ ಕೊನೆಯ ಸಾಲಿನಲ್ಲಿ, ಅದೂ "ಅಲ್ಪಸ್ವಲ್ಪ ಸಹಾಯ". ನಾನು ತಿರುಗಿಸಿ ಬರೆದೆ. ಮೊದಲ ಸಾಲೇ ಕೆಲಸದ್ದು. ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ಇರಬೇಕು. ಬಂದವರ ಹೆಸರು ರಿಜಿಸ್ಟರ್‌ನಲ್ಲಿ ಬರೆದು ರೂಮು ತೋರಿಸಬೇಕು. ತಿಂಡಿ ಬಡಿಸಲು ನನ್ನ ಜೊತೆ ನಿಲ್ಲಬೇಕು. ಊರಿನ ದಾರಿ ಹೇಳಬೇಕು. ಸಂಜೆ ಗಿಡಕ್ಕೆ ನೀರು. ಆಮೇಲೆ ಮಾಡಿಸದ ಕೆಲಸಗಳು: ಬಾತ್‌ರೂಮು, ಬಟ್ಟೆ, ಹಣಕಾಸು, ರಾತ್ರಿ ಕಾವಲು. ಆಮೇಲೆ ಔಟ್‌ಹೌಸ್‌ನ ವರ್ಣನೆ, ಆ ಕಾಂಪೌಂಡು ಗೋಡೆ ಸಮೇತ. ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಕುಡಿಯುವ ಹಾಗಿಲ್ಲ. 18 ತುಂಬಿರಬೇಕು. ಕಡಿಮೆ ಅಂದರೆ ಎರಡು ವಾರ, ಜಾಸ್ತಿ ಅಂದರೆ ಒಂದು ತಿಂಗಳು. ಮೊದಲ ಮೂರು ದಿನದಲ್ಲಿ ಇಬ್ಬರಲ್ಲಿ ಯಾರಿಗೆ ಸರಿಬರದಿದ್ದರೂ ಕಾರಣ ಕೇಳದೆ ಬಿಟ್ಟುಬಿಡಬಹುದು. ಡೆಪಾಸಿಟ್ ಅಂತ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲೂ ಬರೆದೆ, ಇಂಗ್ಲಿಷಿನಲ್ಲೂ ಬರೆದೆ.

ಯಜಮಾನರು ಓದಿ, "ಇದನ್ನ ನೋಡಿ ಯಾರ್ ಬರ್ತಾರೆ?" ಅಂದರು. ಕಡಿಮೆ ಜನ ಬರಲಿ ಅನ್ನುವುದೇ ನನ್ನ ಲೆಕ್ಕವಾಗಿತ್ತು.

ಆದರೂ ಉತ್ತರಗಳು ಬೇಕಾದಷ್ಟು ಬಂದವು. ಅರ್ಧಕ್ಕರ್ಧ ಜನ ಜಾಹೀರಾತು ಓದಿರಲೇ ಇಲ್ಲ. "ನಿಮ್ಮ ಬೀಚ್ ಹಾಸ್ಟೆಲ್ ತುಂಬಾ ಇಷ್ಟವಾಯಿತು" ಅಂತ ಒಬ್ಬರು. ಮೈಸೂರಿಗೆ ಸಮುದ್ರ ತರಿಸುವ ಶಕ್ತಿ ನನಗಿಲ್ಲ. ವೈಫೈ ಎಷ್ಟು ಸ್ಪೀಡು ಅಂತ ಮಾತ್ರ ಕೇಳಿದವರು ಹಲವರು. ಬೆಂಗಳೂರಿನ ಆಫೀಸು ಕೆಲಸವನ್ನು ಇಲ್ಲಿ ಕೂತು ಮಾಡುವ, ಪುಕ್ಕಟೆ ರೂಮಿನ ಯೋಜನೆ ಅದು. ಗಂಡ ಹೆಂಡತಿ ಮಗು ಮೂವರೂ ಬರುತ್ತೇವೆ, ಒಬ್ಬರು ಕೆಲಸ ಮಾಡುತ್ತೇವೆ ಅಂದವರೂ ಇದ್ದರು. ಇದನ್ನೆಲ್ಲ ತೆಗೆಯಲು ಒಂದು ಉಪಾಯ ಮಾಡಿದ್ದೆ. ಜಾಹೀರಾತಿನ ನಡುವೆ ಒಂದು ಸಾಲು: ಉತ್ತರ ಬರೆಯುವಾಗ, ನೀವು ಬೆಳಿಗ್ಗೆ ಏಳುವ ಸಮಯವನ್ನು ಮೊದಲು ಬರೆಯಿರಿ. ಬರೆದವರನ್ನು ಮಾತ್ರ ಮುಂದಕ್ಕೆ ಇಟ್ಟುಕೊಂಡೆ.

ಅವರ ಜೊತೆ ವಿಡಿಯೋ ಕಾಲ್. ಇದು ನಾನು ಅವರನ್ನು ನೋಡುವುದಕ್ಕಷ್ಟೇ ಅಲ್ಲ. ಫೋನು ಹಿಡಿದುಕೊಂಡು ಔಟ್‌ಹೌಸ್ ಪೂರ್ತಿ ತೋರಿಸುತ್ತೇನೆ, ಬಾಗಿಲಿನ ಒಳಗಿನ ಚಿಲಕವನ್ನೂ. ಅತ್ತೆಯನ್ನೂ ಮಾತಾಡಿಸುತ್ತೇನೆ. ಹೆಣ್ಣುಮಕ್ಕಳಾದರೆ ಮನೆಯವರು ಪಕ್ಕದಲ್ಲಿ ಕೂತಿದ್ದರೂ ಅಡ್ಡಿಯಿಲ್ಲ ಅಂತ ಮೊದಲೇ ಹೇಳಿರುತ್ತೇನೆ. ಕೇಳುವ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ: ಯಾವ ಕೆಲಸ ನಿಮ್ಮ ಕೈಲಾಗುವುದಿಲ್ಲ? "ಏನು ಬೇಕಾದರೂ ಮಾಡ್ತೀನಿ ಮೇಡಂ" ಅಂದವರ ಬಗ್ಗೆ ನನಗೆ ಅನುಮಾನ. ಹಾಗೆ ಅಂದವರು ಯಾರೂ ನಮ್ಮಲ್ಲಿ ನಿಲ್ಲಲಿಲ್ಲ. ಇಂಥದ್ದು ಆಗಲ್ಲ ಅಂತ ಬಾಯಿಬಿಟ್ಟು ಹೇಳಿದವರು, ಉಳಿದದ್ದನ್ನು ಅಚ್ಚುಕಟ್ಟಾಗಿ ಮಾಡಿದರು.

ಹಾಗೆ ಹೇಳಿದವರಲ್ಲಿ ಒಬ್ಬರು ಹುಬ್ಬಳ್ಳಿಯವರು. ಅಂಚೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಮಗಳು ಜಾಹೀರಾತು ನೋಡಿ ತಂದೆಗೆ ಕಳಿಸಿದ್ದಳು. ಈ ಥರದ್ದಕ್ಕೆ ಬೆನ್ನಿಗೆ ಚೀಲ ಹಾಕಿಕೊಂಡ ಇಪ್ಪತ್ತರ ಹುಡುಗರೇ ಬರುತ್ತಾರೆ ಅಂದುಕೊಂಡಿದ್ದ ನಮಗೆ, ವಿಡಿಯೋದಲ್ಲಿ ಬಿಳಿ ಮೀಸೆ ಕಂಡು ಆಶ್ಚರ್ಯ. "ಮೆಟ್ಟಲಾ ಹತ್ತೂದು ನನ್ನ ಕೈಲೆ ಆಗಂಗಿಲ್ಲವಾ ತಂಗಿ, ಮೊಣಕಾಲು ಬ್ಯಾನಿ ಅದ. ಉಳಿದದ್ದು ಏನ್ ಹೇಳಿದ್ರೂ ಮಾಡ್ತೀನಿ" ಅಂದರು. ಐದಕ್ಕೇ ಏಳುವ ಅಭ್ಯಾಸ. ರಿಜಿಸ್ಟರ್ ಬರೆಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಅವರು ಬಂದ ವಾರದಲ್ಲೇ ನಮ್ಮ ಬೀಗದ ಕೈಗಳಿಗೆಲ್ಲ ಒಂದು ಹಲಗೆ, ಪ್ರತಿ ಮೊಳೆಯ ಮೇಲೆ ದುಂಡು ಅಕ್ಷರದಲ್ಲಿ ರೂಮಿನ ನಂಬರು. ಗೆಸ್ಟ್‌ಗಳನ್ನು ಕಟ್ಟಿಕೊಂಡು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದರು. ಅದು ಅವರ ನಾಲ್ಕು ಗಂಟೆಗೆ ಸೇರಿದ್ದಲ್ಲ, ಅವರಿಗೇ ಬೇಕಾಗಿತ್ತು. ಅತ್ತೆಗೂ ಅವರಿಗೂ ಜೋಳದ ರೊಟ್ಟಿಯ ವಿಷಯದಲ್ಲಿ ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ.

ಬೆಳಗಾವಿಯ ಒಬ್ಬಳು ಹುಡುಗಿ ಎಂ.ಎ. ಮುಗಿಸಿ ಬಂದಳು. ಬಿಡಲು ಅವಳ ಅಪ್ಪ ಅಮ್ಮನೂ ಬಂದಿದ್ದರು. ಆ ಅಮ್ಮ ಔಟ್‌ಹೌಸ್‌ನ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ನನಗೇನೂ ಬೇಜಾರಾಗಲಿಲ್ಲ. ನನ್ನ ಮಗಳಾಗಿದ್ದರೆ ನಾನು ಕಿಟಕಿಯನ್ನೂ ಅಲ್ಲಾಡಿಸಿ ನೋಡುತ್ತಿದ್ದೆ. ಪಕ್ಕದ ಮನೆಯವರ ನಂಬರನ್ನೂ, ಅವರನ್ನು ಕೇಳಿಯೇ, ಕೊಟ್ಟೆ. ಈ ಹುಡುಗಿ ಬೆಳಗಿನ ಪ್ರಶ್ನೆಗಳನ್ನೆಲ್ಲ ಒಂದು ಪುಟ್ಟ ಪುಸ್ತಕ ಮಾಡಿದಳು. ದೇವರಾಜ ಮಾರುಕಟ್ಟೆಗೆ ಯಾವ ಹೊತ್ತಿಗೆ ಹೋದರೆ ಹೂವಿನ ಸಾಲು ನೋಡಲು ಚೆಂದ, ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲನ್ನು ಬಿಸಿಲು ಏರುವ ಮೊದಲು ಹತ್ತುವುದು ಹೇಗೆ, ರಂಗನತಿಟ್ಟಿಗೆ ಬಸ್ಸಿನಲ್ಲಿ ಹೋಗುವವರು ಎಲ್ಲಿ ಇಳಿಯಬೇಕು, ಎಲ್ಲ ಸ್ವತಃ ಹೋಗಿ ಬಂದು ಬರೆದಿದ್ದು. ಈಗಲೂ ಪ್ರತಿ ರೂಮಿನಲ್ಲಿ ಅದರ ಒಂದು ಪ್ರತಿ ಇದೆ.

ಎಲ್ಲರೂ ಹೀಗೇ ಅಂದರೆ ಸುಳ್ಳಾಗುತ್ತದೆ. ಒಬ್ಬ ಹುಡುಗ ಬೆಳಿಗ್ಗೆ ಏಳಲೇ ಇಲ್ಲ. ಎದ್ದರೆ ಮಹಡಿಯ ಮೇಲೆ ರೀಲ್ಸ್. ಗೆಸ್ಟ್ ಒಬ್ಬರು ತಿಂಡಿ ತಿನ್ನುವುದನ್ನು ಕೇಳದೆ ವಿಡಿಯೋ ಮಾಡಿದ. ಮೂರು ದಿನದ ನಿಯಮ ಅಲ್ಲಿ ಕೆಲಸಕ್ಕೆ ಬಂತು. ಜಗಳವಿಲ್ಲದೆ, ತಿಂಡಿ ಕೊಟ್ಟು, ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿಸಿದೆ. ಆ ವಿಡಿಯೋ ನನ್ನೆದುರೇ ಅಳಿಸಿದ ಮೇಲೆ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ಗುರುತಿಗೆ ಆಧಾರ್ ಕೇಳುವಾಗ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅನ್ನುತ್ತೇನೆ. ಆಧಾರ್ ವೆಬ್‌ಸೈಟಿನಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಮನೆಯವರ ಒಂದು ಫೋನ್ ನಂಬರು ಬರೆದುಕೊಳ್ಳುತ್ತೇನೆ. ಕೆಲಸ, ಗಂಟೆ, ರಜೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಇನ್ನೊಂದು ವಿಷಯ ನಮ್ಮಂಥ ಸಣ್ಣ ಜಾಗದವರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆ ಸಂಬಳಗಾರರಿಗೆ ಮಾತ್ರ ಅಲ್ಲ. ಸಂಬಳವಿಲ್ಲದೆ, ಸ್ವಂತ ಇಷ್ಟದಿಂದ ಕೆಲಸ ಮಾಡುವವರೂ ಅದರಲ್ಲಿ ಸೇರುತ್ತಾರೆ. 10ಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಇದನ್ನು ಆ ಹಾಳೆಯ ಕೆಳಗೆ ಬರೆದಿದ್ದೇನೆ. ಓದಿದವರು ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ನೋಡಲಿ, ಗೊತ್ತಿರುವುದು ಒಳ್ಳೆಯದು.

ದುಡ್ಡು ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ದೊಡ್ಡದಾಗಿ ಏನೂ ಉಳಿಯುವುದಿಲ್ಲ. ಮೂರು ಹೊತ್ತಿನ ಊಟ, ಕಾಫಿ, ಬಿಸಿನೀರು, ಕರೆಂಟು ಎಲ್ಲ ಸೇರಿಸಿದರೆ ಅರ್ಧ ದಿನಕ್ಕೆ ಯಾರನ್ನಾದರೂ ಇಟ್ಟುಕೊಳ್ಳುವ ಖರ್ಚಿಗೆ ಹತ್ತಿರ ಬರುತ್ತದೆ. ಹೊಸಬರು ಬಂದಾಗಲೆಲ್ಲ ಗೀಸರ್ ಸ್ವಿಚ್ಚಿನಿಂದ ಹಿಡಿದು ಹೇಳಿಕೊಡಬೇಕು. ಖರ್ಚು ಉಳಿಸಲು ಇದನ್ನು ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಉಳಿಸಬೇಕು ಅಂತ ಹೊರಟರೆ, ನಾಲ್ಕು ಗಂಟೆ ಆರಾಗುತ್ತದೆ, ಆರು ಎಂಟಾಗುತ್ತದೆ. ನಮಗೆ ಸಿಕ್ಕಿದ್ದು ಬೆಳಗಿನ ಮೂರು ಗಂಟೆಯ ನಿರಾಳ. ಜೊತೆಗೆ, ಅತ್ತೆಗೆ ಮಾತಿಗೆ ಜನ.

ದಸರಾಗೆ ಮಾತ್ರ ವಾಲಂಟಿಯರ್‌ಗಳನ್ನು ಕರೆಯುವುದಿಲ್ಲ. ಆ ಹತ್ತು ದಿನ ನಾಲ್ಕೂ ರೂಮು ಭರ್ತಿ, ರೇಟೂ ಜಾಸ್ತಿ, ಜಂಬೂಸವಾರಿಯ ಹಿಂದಿನ ರಾತ್ರಿಯಂತೂ ಗೇಟು ಮುಚ್ಚುವ ಹೊತ್ತೇ ಇಲ್ಲ. ಅಷ್ಟು ಸಂಪಾದನೆ ಆಗುವಾಗ, ಅಷ್ಟು ಹೊತ್ತು ಒಬ್ಬರನ್ನು ನಿಲ್ಲಿಸಿಕೊಂಡು, ಊಟ ಹಾಕಿದೆವಲ್ಲ ಅನ್ನುವುದು ಆಗುವ ಮಾತಲ್ಲ. ಆಗ ಸಂಬಳಕ್ಕೇ ಜನ.

ಹೋದ ಸಲ ದಸರಾಗೆ ಮುಂಚೆ ಅಕ್ಕಯ್ಯ ಕೇಳಿದರು. "ನಮ್ ಹುಡುಗಿಗೂ ರಜಾ ಅದೆ ಕಣಮ್ಮ. ಆ ಬೆಳಗಾವಿ ಹುಡುಗಿ ಥರ ಅವಳ್ನೂ ಕಳಿಸ್ಲಾ? ದುಡ್ಡೇನ್ ಬ್ಯಾಡ, ನಾಕ್ ಜನರ ಜತೆ ಮಾತಾಡಕ್ಕೆ ಕಲೀತಾಳೆ." ಹುಡುಗಿ ಡಿಗ್ರಿ ಎರಡನೇ ವರ್ಷ, ಮನೆ ಇಲ್ಲೇ ಪಡುವಾರಹಳ್ಳಿಯಲ್ಲಿ. ಅವಳಿಗೆ ನಮ್ಮ ರೂಮು ಬೇಡ, ಊಟಕ್ಕೆ ಅವಳ ಮನೆಯಿದೆ. ಇನ್ನು ನಾವು ಬದಲಿಗೆ ಕೊಡುವುದಾದರೂ ಏನು? "ಕಳಿಸಿ, ಆದ್ರೆ ಸಂಬಳಕ್ಕೆ" ಅಂದೆ. ಅಕ್ಕಯ್ಯ ಬೇಡ ಬೇಡ ಅಂದರು. ಅತ್ತೆ ಒಳಗಿನಿಂದಲೇ, "ಸುಮ್ನಿರಿ ಅಕ್ಕಯ್ಯ, ಅವಳು ನಿಮಗಿಂತ ಚೆನ್ನಾಗಿ ಚೌಕಾಸಿ ಮಾಡ್ತಾಳೆ" ಅಂದರು. ಮಾಡಿದಳು ಕೂಡ. ಗಂಟೆ ಲೆಕ್ಕದಲ್ಲಿ ನಾನು ಹೇಳಿದ್ದಕ್ಕಿಂತ ಹತ್ತು ರೂಪಾಯಿ ಜಾಸ್ತಿಗೆ ಒಪ್ಪಿಸಿ, ಗೇಟಿನ ಹತ್ತಿರದ ಮೇಜಿನಲ್ಲಿ ಕೂತಳು.